ತೋಳಿಗೆ ತಕ್ಕ ದೂರ, ವಯಸ್ಸಿಗೆ ತಕ್ಕ ಜಾಗ

ಬೇಸಿಗೆ ರಜೆಯ ಕ್ರಿಕೆಟ್ ಶಿಬಿರಕ್ಕೆ ಮಕ್ಕಳನ್ನು ಸೇರಿಸುವ ತಂದೆತಾಯಿಯರು ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತಾರೆ. ಶುಲ್ಕ ಎಷ್ಟು? ಬ್ಯಾಟಿಂಗ್ ಮಾಡಲು ಎಷ್ಟು ಹೊತ್ತು ಸಿಗುತ್ತದೆ? ಬೌಲಿಂಗ್ ಕೊಡುತ್ತೀರಾ? ನಾಲ್ಕನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳುವವರು ತೀರಾ ಅಪರೂಪ. 'ಫೀಲ್ಡಿಂಗ್ ಸಮಯದಲ್ಲಿ ನಮ್ಮ ಮಗುವನ್ನು ಎಲ್ಲಿ ನಿಲ್ಲಿಸುತ್ತೀರಿ?'

ಯೋಚಿಸಿ ನೋಡಿ. ಹನ್ನೆರಡು ವರ್ಷದ ಹುಡುಗನೊಬ್ಬ ಪಂದ್ಯದಲ್ಲಿ ಬ್ಯಾಟ್ ಹಿಡಿಯುವುದು ಐದು ನಿಮಿಷವಿರಬಹುದು, ಹತ್ತು ನಿಮಿಷವಿರಬಹುದು. ಮೊದಲ ಎಸೆತಕ್ಕೇ ಔಟಾದರೆ ಅದೂ ಇಲ್ಲ. ಬೌಲಿಂಗ್ ಸಿಕ್ಕರೆ ಎರಡು ಮೂರು ಓವರು. ಆದರೆ ಎದುರಾಳಿ ತಂಡ ಆಡುವಷ್ಟು ಹೊತ್ತೂ, ಅಂದರೆ ಪಂದ್ಯದ ಹೆಚ್ಚುಕಡಿಮೆ ಅರ್ಧ ಭಾಗ, ಅವನು ನಾಯಕ ತೋರಿಸಿದ ಜಾಗದಲ್ಲಿ ನಿಂತಿರುತ್ತಾನೆ. ಅವನು ಆಟ ಕಲಿಯುವುದೂ, ಬೇಸರಪಟ್ಟು ಆಟ ಬಿಡುವುದೂ, ಕೆಲವೊಮ್ಮೆ ಪೆಟ್ಟು ತಿನ್ನುವುದೂ ಅಲ್ಲಿಯೇ. ಆದ್ದರಿಂದ ವಿಕೆಟ್‌ಗೆ ಹತ್ತಿರ, ಅಂದರೆ ಒಳವೃತ್ತದಲ್ಲಿ, ಮಕ್ಕಳನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಈ ವಾರ ನೋಡೋಣ. ಇದಕ್ಕೆ ಬೇಕಾದದ್ದು ಏಳನೆಯ ತರಗತಿಯ ಗಣಿತ, ಎಂಟನೆಯ ತರಗತಿಯ ಭೌತಶಾಸ್ತ್ರ, ಅಷ್ಟೆ.

ಗಲ್ಲಿಯ ಪಾಠ

ನಮ್ಮ ಉಪ್ಪಾರಪೇಟೆಯಂಥ ಹಳೆಯ ಪೇಟೆಗಳಲ್ಲಿ ಮೈದಾನವೆಂಬುದು ದುರ್ಲಭ. ಸಮೀಪದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ. ಉಳಿದದ್ದು ಗಲ್ಲಿ. ಎರಡು ಕಡೆ ಗೋಡೆ, ನಡುವೆ ನಾಲ್ಕೈದು ಮಾರು ಅಗಲದ ಜಾಗ. ಅಲ್ಲಿ ಆಡುವ ಹುಡುಗರು ಯಾವ ತರಬೇತುದಾರನನ್ನೂ ಕಂಡವರಲ್ಲ. ಆದರೂ ಅವರು ನಿಲ್ಲುವ ಜಾಗವನ್ನು ಗಮನಿಸಿದ್ದೀರಾ? ಎಡಗೋಡೆಗೆ ಬಡಿದ ಚೆಂಡು ಬಲಕ್ಕೆ ತಿರುಗುತ್ತದೆಂದು ತಿಳಿದು ಒಬ್ಬ ಬಲಗೋಡೆಯ ಪಕ್ಕದಲ್ಲಿ, ಬ್ಯಾಟಿನಿಂದ ಸ್ವಲ್ಪ ದೂರದಲ್ಲಿ ನಿಂತಿರುತ್ತಾನೆ. ಬೆಳಕಿನ ಪಾಠದಲ್ಲಿ ಪತನ ಕೋನ, ಪ್ರತಿಫಲನ ಕೋನ ಎಂದು ನಾವು ಹೇಳಿಕೊಡುವುದನ್ನು ಅವನು ಟೆನ್ನಿಸ್ ಚೆಂಡಿನಿಂದ ಕಲಿತಿದ್ದಾನೆ. ಗೋಡೆಯ ಒರಟುತನ ಮತ್ತು ಚೆಂಡಿನ ತಿರುಗುವಿಕೆಯಿಂದ ಎರಡು ಕೋನಗಳೂ ಕರಾರುವಾಕ್ಕಾಗಿ ಸಮವಾಗುವುದಿಲ್ಲ. ಅದೂ ಅವನಿಗೆ ಗೊತ್ತು. ಅದಕ್ಕೇ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಾನೆ. ನೆಲಕ್ಕೆ ಒಮ್ಮೆ ಬಿದ್ದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೂ ಔಟ್ ಎಂಬ ಗಲ್ಲಿಯ ನಿಯಮವಿದೆಯಲ್ಲ, ಅದಕ್ಕೂ ಅವನದೇ ಆದ ದೂರದ ಲೆಕ್ಕವಿದೆ.

ಇದೇ ಹುಡುಗ ಬಸವನಗುಡಿಯ ಅಥವಾ ಮಲ್ಲೇಶ್ವರದ ಮೈದಾನಕ್ಕೆ ಹೋದ ದಿನ ಈ ಬುದ್ಧಿಯೆಲ್ಲ ಎಲ್ಲೋ ಮಾಯವಾಗುತ್ತದೆ. ಕಾರಣ, ಅಲ್ಲಿ ಗೋಡೆಯಿಲ್ಲ. ಗೋಡೆಯಿಲ್ಲದಲ್ಲಿ ಅವನು ಟೀವಿಯನ್ನು ನೆನೆಸಿಕೊಳ್ಳುತ್ತಾನೆ. ಕವರ್ ಎಂದರೆ ಇಷ್ಟು ದೂರ, ಮಿಡ್‌ವಿಕೆಟ್ ಎಂದರೆ ಅಷ್ಟು ದೂರ ಎಂದು ಟೀವಿಯಲ್ಲಿ ಕಂಡಂತೆ ಹೋಗಿ ನಿಲ್ಲುತ್ತಾನೆ. ತೊಂದರೆ ಶುರುವಾಗುವುದು ಇಲ್ಲಿ. ಟೀವಿಯಲ್ಲಿ ಕಾಣುವ ಒಳವೃತ್ತದ ತ್ರಿಜ್ಯ 30 ಗಜ, ಅಂದರೆ 27.4 ಮೀಟರು. ಅದು ದೊಡ್ಡವರ ಕಾಲಿಗೆ, ದೊಡ್ಡವರ ತೋಳಿಗೆ ಹೊಂದುವ ಅಳತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಲ್ಲಿ ಸ್ವಲ್ಪ ಬದಲಿಸಿ ಹೇಳಬೇಕು: ತೋಳು ಇದ್ದಷ್ಟು ದೂರ ನಿಲ್ಲು.

ಒಂದು ಓಟದ ಲೆಕ್ಕ

ಒಂಟಿ ಓಟ ತಡೆಯುವುದೆಂದರೆ ಎರಡು ಗಡಿಯಾರಗಳ ಸ್ಪರ್ಧೆ. ಒಂದು ಗಡಿಯಾರ ದಾಂಡಿಗನದು. ಪಿಚ್‌ನ ಉದ್ದ 22 ಗಜವಾದರೂ ಓಡಬೇಕಾದದ್ದು ಒಂದು ಕ್ರೀಸಿನಿಂದ ಇನ್ನೊಂದು ಕ್ರೀಸಿನವರೆಗೆ ಮಾತ್ರ. ಅದು 58 ಅಡಿ, ಅಂದರೆ 17.7 ಮೀಟರು. ಪ್ಯಾಡು ಕಟ್ಟಿಕೊಂಡು ಬ್ಯಾಟು ಹಿಡಿದ ಹನ್ನೆರಡು ಹದಿಮೂರು ವರ್ಷದವರಿಗೆ ಇದಕ್ಕೆ ಸುಮಾರು 4 ಸೆಕೆಂಡು ಬೇಕೆಂದು ಇಟ್ಟುಕೊಳ್ಳೋಣ.

ಇನ್ನೊಂದು ಗಡಿಯಾರ ಫೀಲ್ಡರನದು. ಅದರಲ್ಲಿ ಮೂರು ಭಾಗ. ಚೆಂಡು ಅವನ ಕೈ ಸೇರುವ ಕಾಲ, ಬಾಗಿ ಎತ್ತಿ ಎಸೆಯಲು ತೋಳು ತಿರುಗಿಸುವ ಕಾಲ, ಎಸೆದ ಚೆಂಡು ವಿಕೆಟ್ ಸೇರುವ ಕಾಲ. ಮೆಲ್ಲಗೆ ತಳ್ಳಿದ ಚೆಂಡು ಸೆಕೆಂಡಿಗೆ 8 ಮೀಟರಿನಂತೆ ಉರುಳುತ್ತಿದೆ ಎನ್ನಿ. ಎತ್ತಿ ಎಸೆಯಲು 1 ಸೆಕೆಂಡು. ಹುಡುಗನ ಎಸೆತದ ವೇಗ ಸೆಕೆಂಡಿಗೆ 18 ಮೀಟರು. ಓಡಿಬರುವ ಹುಡುಗನ ವೇಗ ಸೆಕೆಂಡಿಗೆ 4 ಮೀಟರು. ಚೆಂಡನ್ನು ದಾಂಡಿಗನ ಕಡೆಯ ವಿಕೆಟ್‌ಗೇ ಎಸೆಯುತ್ತಾನೆ. ಈಗ ಮೂರು ಸಂದರ್ಭಗಳನ್ನು ಲೆಕ್ಕ ಹಾಕಿ.

ಮೊದಲನೆಯದು. ಹುಡುಗ ಟೀವಿಯಂತೆ 27.4 ಮೀಟರು ದೂರ ನಿಂತಿದ್ದಾನೆ. ಚೆಂಡು ತನ್ನತ್ತ ಬರುವುದನ್ನು ಕಂಡು ಓಡಿಬರುತ್ತಾನೆ. ಚೆಂಡು ಮತ್ತು ಹುಡುಗ ಸೇರಿ ಸೆಕೆಂಡಿಗೆ 12 ಮೀಟರು ಹತ್ತಿರವಾಗುತ್ತಾರೆ. ಅವರು ಸಂಧಿಸುವುದು 2.3 ಸೆಕೆಂಡಿಗೆ, ದಾಂಡಿಗನಿಂದ ಸುಮಾರು 18 ಮೀಟರು ದೂರದಲ್ಲಿ. ಎತ್ತಲು 1, ಎಸೆತಕ್ಕೆ 1. ಒಟ್ಟು 4.3 ಸೆಕೆಂಡು. ಓಟ ಬಂದುಹೋಯಿತು.

ಎರಡನೆಯದು. ಹುಡುಗ 20 ಮೀಟರು ದೂರದಲ್ಲಿದ್ದಾನೆ, ಆದರೆ ಕಂಬದಂತೆ ನಿಂತಲ್ಲೇ ಚೆಂಡಿಗೆ ಕಾಯುತ್ತಾನೆ. ಚೆಂಡು ಬರಲು 2.5, ಎತ್ತಲು 1, ಎಸೆತಕ್ಕೆ 1.1. ಒಟ್ಟು 4.6 ಸೆಕೆಂಡು. ಹತ್ತಿರ ನಿಂತೂ ಮೊದಲಿನವನಿಗಿಂತ ತಡ!

ಮೂರನೆಯದು. 20 ಮೀಟರು ದೂರದಿಂದ ಓಡಿಬರುತ್ತಾನೆ. 1.7 ಸೆಕೆಂಡಿಗೆ ಚೆಂಡು ಕೈಗೆ ಸಿಗುತ್ತದೆ, ಅದೂ ದಾಂಡಿಗನಿಂದ ಸುಮಾರು 13 ಮೀಟರಿನಲ್ಲಿ. ಎತ್ತಲು 1, ಎಸೆತಕ್ಕೆ 0.7. ಒಟ್ಟು 3.4 ಸೆಕೆಂಡು. ದಾಂಡಿಗನಿಗಿನ್ನೂ ಎರಡು ಹೆಜ್ಜೆ ಬಾಕಿ ಇರುವಾಗಲೇ ಚೆಂಡು ಬಂದಾಯಿತು. ಇದನ್ನು ಒಮ್ಮೆ ಕಂಡ ದಾಂಡಿಗ ಮುಂದಿನ ಬಾರಿ ಓಡಲು ಹಿಂಜರಿಯುತ್ತಾನೆ.

ಈ ಅಂಕಿಗಳು ನಿಮ್ಮ ತಂಡಕ್ಕೆ ಹೊಂದದಿರಬಹುದು. ಹತ್ತು ವರ್ಷದವರ ತಂಡವಾದರೆ ಎಸೆತದ ವೇಗ ಕಡಿಮೆ. ಆಗ 20 ಮೀಟರಿನ ಜಾಗದಲ್ಲಿ 15 ಎಂದಾಗುತ್ತದೆ. ಮುಖ್ಯವಾದದ್ದು ಲೆಕ್ಕದ ರೀತಿ. ಒಳವೃತ್ತ ಎಂಬುದು ಮಂಡಳಿಯವರು ಬಿಳಿ ಗುರುತು ಹಾಕಿಕೊಟ್ಟ ಗೆರೆಯಲ್ಲ. ನಿಮ್ಮ ತಂಡದ ಮಕ್ಕಳ ಕಾಲು ಮತ್ತು ತೋಳು ಬರೆಯುವ ಗೆರೆ.

'ಬೌಲರ್ ಓಡಿಬರುವಾಗ ನೀನೂ ಮುಂದೆ ನಡೆ' ಎಂದು ಹಿರಿಯ ಆಟಗಾರರು ಹೇಳುವುದರ ಗುಟ್ಟೂ ಇದೇ. ನಿಂತ ವಸ್ತುವನ್ನು ಚಲನೆಗೆ ತರಲು ಕಾಲ ಬೇಕೆಂದು ನ್ಯೂಟನ್ ಹೇಳಿದ ಜಡತ್ವ ಮನುಷ್ಯರಿಗೂ ಅನ್ವಯಿಸುತ್ತದೆ. ಎರಡು ಮೂರು ಹೆಜ್ಜೆ ನಡೆದು, ಚೆಂಡು ಬ್ಯಾಟನ್ನು ಮುಟ್ಟುವ ಕ್ಷಣಕ್ಕೆ ಎರಡೂ ಪಾದ ನೆಲದ ಮೇಲೆ ಊರಿ, ಮೊಣಕಾಲು ಸ್ವಲ್ಪ ಬಗ್ಗಿಸಿ ಸಿದ್ಧನಾಗಿರಬೇಕು. ಆ ಕ್ಷಣದಲ್ಲೂ ಓಡುತ್ತಲೇ ಇದ್ದರೆ ಪಕ್ಕಕ್ಕೆ ಹೊರಳುವುದು ಕಷ್ಟ.

ಸಾಫ್ಟ್‌ಬಾಲ್ ಏನು ಹೇಳುತ್ತದೆ

ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ ಸಾಫ್ಟ್‌ಬಾಲ್ ಕೂಡ ಇರುವುದು ಅನೇಕ ತಂದೆತಾಯಿಯರಿಗೆ ತಿಳಿದಿಲ್ಲ. 1887ರಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ಚಳಿಗಾಲದ ಒಳಾಂಗಣ ಆಟವಾಗಿ ಹುಟ್ಟಿದ ಇದಕ್ಕೆ ಸಾಫ್ಟ್‌ಬಾಲ್ ಎಂಬ ಹೆಸರು ಬಂದದ್ದು 1926ರಲ್ಲಿ. 1996ರಿಂದ 2008ರವರೆಗೆ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಆಟವಾಗಿತ್ತು; 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಮರಳಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್, ಸಾಫ್ಟ್‌ಬಾಲ್ ಎರಡನ್ನೂ ಆಯ್ದುಕೊಂಡಿದ್ದಾರೆ. ಮೃದು ಚೆಂಡು ಎಂಬುದು ಹೆಸರಿಗೆ ಮಾತ್ರ. 12 ಅಂಗುಲ ಸುತ್ತಳತೆಯ ಆ ಚೆಂಡಿನ ತೂಕ ಸುಮಾರು 180ರಿಂದ 200 ಗ್ರಾಂ. ದೊಡ್ಡವರ ಕ್ರಿಕೆಟ್ ಚೆಂಡಿಗಿಂತಲೂ ಭಾರ.

ಈ ಆಟದಲ್ಲಿ ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ನೆಲೆಗಳು. ಒಂದು ನೆಲೆಯಿಂದ ಇನ್ನೊಂದಕ್ಕೆ 60 ಅಡಿ. ನಮ್ಮ ಕ್ರೀಸಿನಿಂದ ಕ್ರೀಸಿಗೆ 58 ಅಡಿ ಎಂದೆವಲ್ಲ, ವ್ಯತ್ಯಾಸ ಎರಡೇ ಅಡಿ! ಅಂದರೆ ಎರಡು ಆಟಗಳ ಗಡಿಯಾರ ಹೆಚ್ಚುಕಡಿಮೆ ಒಂದೇ. ಆದರೆ ಅಲ್ಲಿ ಚೆಂಡನ್ನು ಮೈದಾನದೊಳಗೆ ಹೊಡೆದವಳು ಓಡಲೇಬೇಕು. ನಮ್ಮ ದಾಂಡಿಗನಂತೆ 'ಬೇಡ, ಬೇಡ' ಎಂದು ಕೈಯೆತ್ತಿ ನಿಲ್ಲುವಂತಿಲ್ಲ. ಹಾಗಾಗಿ ಒಳಮೈದಾನದ ಪ್ರತಿಯೊಬ್ಬ ಆಟಗಾರ್ತಿಯ ಜಾಗವನ್ನೂ ಕಾಲದ ಲೆಕ್ಕದಿಂದಲೇ ನಿರ್ಧರಿಸಬೇಕಾಗುತ್ತದೆ.

ಮೊದಲ ಮತ್ತು ಮೂರನೆಯ ನೆಲೆಯ ಆಟಗಾರ್ತಿಯರು ತಮ್ಮ ನೆಲೆಗೆ ಅಂಟಿಕೊಂಡು ನಿಲ್ಲುವುದಿಲ್ಲ. ಹಲವು ಅಡಿ ಮುಂದೆ, ದಾಂಡಿಗಳ ಕಡೆಗೆ ಬಂದು ನಿಲ್ಲುತ್ತಾರೆ. ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಕಾಲ ಬಳಿಯೇ ಬೀಳಿಸಿ ಓಡುವ ತಂತ್ರವನ್ನು ತಡೆಯಲು ಅದೇ ದಾರಿ. ಎರಡನೆಯ ನೆಲೆಯ ಎಡಬಲದಲ್ಲಿರುವ ಇಬ್ಬರು ಸ್ವಲ್ಪ ಹಿಂದೆ ನಿಲ್ಲುತ್ತಾರೆ. ಅವರಿಗೆ ಬರುವ ಚೆಂಡು ವೇಗದ್ದು, ಅಗಲ ಹೆಚ್ಚು. ಎರಡನೆಯ ಮತ್ತು ಮೂರನೆಯ ನೆಲೆಗಳ ನಡುವೆ ನಿಲ್ಲುವವಳಿಗೆ ತಂಡದ ಬಲವಾದ ತೋಳು ಇರಬೇಕು, ಏಕೆಂದರೆ ಮೊದಲ ನೆಲೆಗೆ ಅವಳ ಎಸೆತ ಬಲು ದೂರ. ಗೂಟರಕ್ಷಕಿಯಂತೆ ಹಿಂದೆ ಕೂರುವವಳು ಎದುರು ಮೂಲೆಗೆ ಎಸೆಯಬೇಕಾದರೆ ಎಷ್ಟು ದೂರ? ಪೈಥಾಗೊರಸ್‌ನನ್ನು ಕೇಳಿ. 60 ಅಡಿ ಚೌಕದ ಕರ್ಣ, ಸುಮಾರು 85 ಅಡಿ.

ಇಲ್ಲಿಂದ ಕ್ರಿಕೆಟ್ ಆಡುವ ಮಕ್ಕಳು ಕಲಿಯುವುದು ಇಷ್ಟು: ಜಾಗದ ಹೆಸರು ಬೇರೆ, ನಿಲ್ಲುವ ಬಿಂದು ಬೇರೆ. 'ಮೊದಲ ನೆಲೆ' ಎಂಬ ಹೆಸರಿದ್ದರೂ ನಿಲ್ಲುವುದು ನೆಲೆಯಿಂದ ಆಚೆ. ಹಾಗೆಯೇ 'ಮಿಡ್‌ಆನ್' ಎಂಬುದು ಒಂದು ದಿಕ್ಕು. ದೂರವನ್ನು ನೀವೇ ಕಂಡುಕೊಳ್ಳಬೇಕು.

ಚೆಂಡು ಹೋಗುವ ದಿಕ್ಕು

ದೂರದ ಲೆಕ್ಕ ಆಯಿತು, ಇನ್ನು ದಿಕ್ಕು. 20 ಮೀಟರು ತ್ರಿಜ್ಯದ ವೃತ್ತದ ಸುತ್ತಳತೆ ಸುಮಾರು 126 ಮೀಟರು. ಜೋರಾಗಿ ಹೊಡೆದ ಚೆಂಡಿಗೆ ಒಬ್ಬ ಹುಡುಗ ಎಡಕ್ಕೆ 4, ಬಲಕ್ಕೆ 4 ಮೀಟರು ಚಾಚಬಲ್ಲ. ಅಂದರೆ ಒಬ್ಬನ ಕಾವಲು 8 ಮೀಟರು. ಇಡೀ ವೃತ್ತವನ್ನು ಕಾಯಲು 16 ಜನ ಬೇಕು. ಬೌಲರ್, ಕೀಪರ್ ಬಿಟ್ಟರೆ ನಿಮ್ಮಲ್ಲಿರುವುದು 9 ಜನ. ಎಲ್ಲವನ್ನೂ ಕಾಯಲು ಸಾಧ್ಯವಿಲ್ಲವೆಂದ ಮೇಲೆ ಎಲ್ಲಿ ಬಿಡಬೇಕು ಎಂಬುದೇ ನಾಯಕನ ಜಾಣ್ಮೆ.

ಅದನ್ನು ತಿಳಿಯಲು ಒಂದು ನೋಟ್‌ಬುಕ್ ಸಾಕು. ಹಾಳೆಯ ನಡುವೆ ಪಿಚ್ ಬರೆದು, ದಾಂಡಿಗ ಹೊಡೆದ ಪ್ರತಿ ಚೆಂಡಿಗೂ ಒಂದು ಗೆರೆ ಎಳೆಯುತ್ತ ಹೋಗಿ. ನಾಲ್ಕು ಪಂದ್ಯ ಮುಗಿಯುವ ಹೊತ್ತಿಗೆ ಹಾಳೆಯ ಒಂದು ಭಾಗ ಪೊರಕೆಯಂತೆ ಗೆರೆಗಳಿಂದ ತುಂಬಿರುತ್ತದೆ. ಮಕ್ಕಳ ಪಂದ್ಯದಲ್ಲಿ ಸಾಮಾನ್ಯವಾಗಿ ಅದು ಕಾಲಿನ ಬದಿ, ಸ್ಕ್ವೇರ್‌ಲೆಗ್‌ನಿಂದ ಮಿಡ್‌ಆನ್‌ವರೆಗೆ. ಕಾರಣ ಸರಳ. ಬಲಗೈ ದಾಂಡಿಗನ ಬ್ಯಾಟಿನ ಹಿಡಿಯಲ್ಲಿ ಕೆಳಗಿರುವುದು ಬಲಗೈ. ಚಿಕ್ಕವರು ಆ ಕೈಯ ಬಲದಿಂದಲೇ ಚೆಂಡನ್ನು ಅಡ್ಡ ಎಳೆಯುತ್ತಾರೆ. ಮೇಲಿನ ಕೈಯಿಂದ ಬ್ಯಾಟನ್ನು ನಡೆಸಿ ಕವರ್ ಕಡೆ ಆಡಲು ಅಭ್ಯಾಸ ಬೇಕು. ಹಾಗಿದ್ದೂ ಶಾಲಾ ತಂಡದ ನಾಯಕರು ಟೀವಿಯಲ್ಲಿ ಕಂಡಂತೆ ಆಫ್ ಬದಿಗೆ ಆರು ಜನರನ್ನು ನಿಲ್ಲಿಸಿ, ಕಾಲಿನ ಬದಿಯನ್ನು ಖಾಲಿ ಬಿಟ್ಟು, ಬೌಲರನನ್ನು ಬಯ್ಯುತ್ತಾರೆ.

ಪಕ್ಕಪಕ್ಕದ ಇಬ್ಬರು ಒಂದೇ ಗೆರೆಯಲ್ಲಿ ನಿಲ್ಲದೆ, ಒಬ್ಬ ಒಂದೆರಡು ಹೆಜ್ಜೆ ಮುಂದೆ, ಇನ್ನೊಬ್ಬ ಹಿಂದೆ ನಿಲ್ಲುವುದು ಒಳ್ಳೆಯದು. ಇಬ್ಬರೂ ಒಂದೇ ಚೆಂಡಿಗೆ ಧುಮುಕಿ ತಲೆಗೆ ತಲೆ ಡಿಕ್ಕಿ ಹೊಡೆಯುವ ಅಪಾಯ ತಪ್ಪುತ್ತದೆ. ಯಾವುದೇ ಎಸೆತಕ್ಕೆ ವಿಕೆಟ್‌ನ ಆಚೆ ಬದಿಯಲ್ಲಿ ಒಬ್ಬ ಆಸರೆಗೆ ಇರಬೇಕು. ಕವರ್‌ನಿಂದ ಬೌಲರ್ ಕಡೆಗೆ ಎಸೆದರೆ ಮಿಡ್‌ಆನ್‌ನವನು ಹಿಂದೆ ಓಡಬೇಕು. ಮಕ್ಕಳ ಪಂದ್ಯದಲ್ಲಿ ಬಿಟ್ಟಿ ಓಟಗಳು ಹೆಚ್ಚಾಗಿ ಬರುವುದು ಇಂಥ ಎಸೆತ ತಪ್ಪಿದಾಗ.

ಒಳವೃತ್ತದ ಎಚ್ಚರ ಎಂಥ ಪಂದ್ಯವನ್ನೂ ತಿರುಗಿಸಬಲ್ಲದು. 1973-74ರ ರಣಜಿ ಸೆಮಿಫೈನಲ್ ಬೆಂಗಳೂರಿನಲ್ಲಿ ನಡೆದಾಗ ಬಾಂಬೆ ತಂಡ ಸತತ 15 ವರ್ಷ ಟ್ರೋಫಿ ಗೆದ್ದಿತ್ತು. ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲರ ಶತಕಗಳಿಂದ ಕರ್ನಾಟಕ 385 ಓಟ ಮಾಡಿತು. ಪ್ರಸನ್ನ ಅವರ ಎಸೆತಕ್ಕೆ ಗಾವಸ್ಕರ್ ಬೌಲ್ಡ್ ಆದದ್ದನ್ನು ಹಿರಿಯರು ಇಂದಿಗೂ ಬಣ್ಣಿಸುತ್ತಾರೆ. ಆದರೆ ಆ ಇನ್ನಿಂಗ್ಸಿನಲ್ಲಿ ನೆಲೆಯೂರಿ 62 ಓಟ ಮಾಡಿದ್ದ ನಾಯಕ ವಾಡೇಕರ್ ಹೋದದ್ದು ಬೌಲರನಿಂದಲ್ಲ, ರನ್ ಔಟ್‌ನಿಂದ. ಬಾಂಬೆ 307ಕ್ಕೆ ಮುಗಿಯಿತು. ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಬಾರಿ ರಣಜಿ ಟ್ರೋಫಿ ಗೆದ್ದಿತು.

ಬ್ಯಾಟಿನ ಬುಡದಲ್ಲಿ

ಇನ್ನು ತಂದೆತಾಯಿಯರು ವಿಶೇಷವಾಗಿ ಓದಬೇಕಾದ ಭಾಗ. ದಾಂಡಿಗನಿಂದ ಎರಡು ಮೂರು ಮೀಟರು ದೂರದಲ್ಲಿ ನಿಲ್ಲುವ ಜಾಗಗಳಿಗೆ ಸಿಲ್ಲಿ ಪಾಯಿಂಟ್, ಶಾರ್ಟ್‌ಲೆಗ್ ಎಂದು ಹೆಸರು. 1971ರ ಆಗಸ್ಟಿನಲ್ಲಿ ಓವಲ್‌ನಲ್ಲಿ ನಮ್ಮ ಚಂದ್ರಶೇಖರ್ 38 ಓಟಕ್ಕೆ 6 ವಿಕೆಟ್ ಪಡೆದು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದಾಗ ಶಾರ್ಟ್‌ಲೆಗ್‌ನಲ್ಲಿ ಏಕನಾಥ ಸೋಲ್ಕರ್ ಇದ್ದರು. 27 ಟೆಸ್ಟ್‌ಗಳಲ್ಲಿ 53 ಕ್ಯಾಚ್ ಹಿಡಿದ ಸೋಲ್ಕರ್ ಹೆಲ್ಮೆಟ್ ಇಲ್ಲದ ಕಾಲದವರು. ಅವರ ಧೈರ್ಯವನ್ನು ಮೆಚ್ಚೋಣ. ಆದರೆ ಅದನ್ನು ಮಕ್ಕಳಿಗೆ ಮಾದರಿ ಎಂದು ತೋರಿಸಬಾರದು. ಏಕೆ?

ಒಂದು ಪ್ರಯೋಗ ಮಾಡಿ. ನೀವು 30 ಸೆಂಟಿಮೀಟರಿನ ಅಳತೆಪಟ್ಟಿಯನ್ನು ಮೇಲ್ತುದಿಯಲ್ಲಿ ಹಿಡಿದುಕೊಳ್ಳಿ. ಸ್ನೇಹಿತ ಅದರ ಸೊನ್ನೆಯ ಗುರುತಿನ ಬಳಿ ಹೆಬ್ಬೆರಳು ತೋರುಬೆರಳುಗಳನ್ನು ತೆರೆದಿಟ್ಟುಕೊಳ್ಳಲಿ. ಹೇಳದೆ ಕೇಳದೆ ಪಟ್ಟಿಯನ್ನು ಬಿಟ್ಟುಬಿಡಿ. ಅವನು 20 ಸೆಂಟಿಮೀಟರಿನ ಬಳಿ ಹಿಡಿದರೆ, ಸ್ವತಂತ್ರ ಪತನದ ಸೂತ್ರದಂತೆ ಅವನು ತೆಗೆದುಕೊಂಡ ಕಾಲ 0.2 ಸೆಕೆಂಡು. ಎಲ್ಲಿ ಬೀಳುತ್ತದೆಂದು ಮೊದಲೇ ಗೊತ್ತಿದ್ದು, ಎರಡು ಬೆರಳು ಮುಚ್ಚಲು ಮಾತ್ರ ಬೇಕಾದ ಕಾಲವಿದು.

ಈಗ ಹನ್ನೆರಡು ವರ್ಷದ ಗಟ್ಟಿ ಹುಡುಗನೊಬ್ಬ ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಚೆಂಡನ್ನು ಬಾರಿಸುತ್ತಾನೆ ಎನ್ನಿ. ಅದು ಸೆಕೆಂಡಿಗೆ 16.7 ಮೀಟರು. 3 ಮೀಟರು ದೂರದಲ್ಲಿರುವ ಶಾರ್ಟ್‌ಲೆಗ್‌ನ ಮಗುವನ್ನು ಆ ಚೆಂಡು ಮುಟ್ಟಲು ಬೇಕಾದದ್ದು 0.18 ಸೆಕೆಂಡು. ಅಂದರೆ ಬೆರಳು ಮುಚ್ಚುವುದಕ್ಕೆ ಮೊದಲೇ ಚೆಂಡು ಮುಖದ ಮೇಲಿರುತ್ತದೆ. ಇಲ್ಲಿ ಚುರುಕು, ಧೈರ್ಯ, ಅಭ್ಯಾಸ ಯಾವುದೂ ಕೆಲಸ ಮಾಡುವುದಿಲ್ಲ. 13 ವರ್ಷದೊಳಗಿನವರು ಆಡುವ ಚರ್ಮದ ಚೆಂಡಿನ ತೂಕ ಸುಮಾರು 140 ಗ್ರಾಂ. ಈ ವೇಗದಲ್ಲಿ ಅದರ ಚಲನಶಕ್ತಿ ಸುಮಾರು 19 ಜೂಲ್. ಅಂಗಡಿಯ 2 ಕಿಲೋ ತೂಕದ ಬೊಟ್ಟನ್ನು ಒಂದು ಮೀಟರು ಎತ್ತರದಿಂದ ಬಿಟ್ಟರೆ ನೆಲ ಮುಟ್ಟುವಾಗ ಅದರಲ್ಲಿರುವ ಶಕ್ತಿಯೂ ಅಷ್ಟೆ.

ದೊಡ್ಡವರಿಗೂ ಇದರಿಂದ ವಿನಾಯಿತಿಯಿಲ್ಲ. ಭಾರತ ತಂಡದಲ್ಲಿ ಆಡಿದ್ದ ರಮಣ್ ಲಾಂಬಾ 1998ರ ಫೆಬ್ರುವರಿ 20ರಂದು ಢಾಕಾದ ಕ್ಲಬ್ ಪಂದ್ಯವೊಂದರಲ್ಲಿ ಫಾರ್ವರ್ಡ್ ಶಾರ್ಟ್‌ಲೆಗ್‌ನಲ್ಲಿ ನಿಂತರು. ಓವರಿನಲ್ಲಿ ಉಳಿದದ್ದು ಮೂರೇ ಎಸೆತ ಎಂದು ಹೆಲ್ಮೆಟ್ ಬೇಡವೆಂದರು. ದಾಂಡಿಗ ಬಲವಾಗಿ ಹೊಡೆದ ಚೆಂಡು ತಲೆಗೆ ಬಡಿಯಿತು. ಮೂರು ದಿನಗಳ ನಂತರ ತೀರಿಕೊಂಡರು. ಆಗ ಅವರ ವಯಸ್ಸು 38. ಪಳಗಿದ ಆಟಗಾರನ ಸ್ಥಿತಿ ಇದಾದರೆ ಶಾಲಾ ಬಾಲಕನ ಪಾಡೇನು?

ಇಂಗ್ಲೆಂಡ್ ಮತ್ತು ವೇಲ್ಸ್ ಕ್ರಿಕೆಟ್ ಮಂಡಳಿ ಇದಕ್ಕೆ ಸ್ಪಷ್ಟ ನಿಯಮ ಮಾಡಿದೆ. 13 ವರ್ಷದೊಳಗಿನವರ ತಂಡದ ಮಕ್ಕಳು ದಾಂಡಿಗನ ನಡು ವಿಕೆಟ್‌ನಿಂದ 11 ಗಜ, ಅಂದರೆ 10 ಮೀಟರಿಗಿಂತ ಹತ್ತಿರ ನಿಲ್ಲುವಂತಿಲ್ಲ. 15 ವರ್ಷದೊಳಗಿನವರಿಗೆ ಈ ದೂರ 8 ಗಜ, ಅಂದರೆ 7.3 ಮೀಟರು. ಆಫ್ ಬದಿಯಲ್ಲಿ ವಿಕೆಟ್‌ನ ಹಿಂದೆ ನಿಲ್ಲುವ ಸ್ಲಿಪ್‌ನಂಥ ಜಾಗಗಳಿಗೆ ಮಾತ್ರ ವಿನಾಯಿತಿ. ದಾಂಡಿಗ ಚೆಂಡನ್ನು ಆಡಿದ ಮೇಲೆ ಮುಂದೆ ಬರಬಹುದು. ನಮ್ಮ ಲೆಕ್ಕಕ್ಕೆ ಹಾಕಿ ನೋಡಿ: 10 ಮೀಟರಿನಲ್ಲಿ ಅದೇ ಚೆಂಡು ಬರಲು 0.6 ಸೆಕೆಂಡು ಬೇಕು. ನೋಡಲು, ತೀರ್ಮಾನಿಸಲು, ಕೈ ಒಡ್ಡಲು ಅಥವಾ ಕನಿಷ್ಠ ಮುಖ ತಿರುಗಿಸಲು ಅಷ್ಟು ಸಾಕು. ಆ ನಿಯಮ ನಮಗೆ ಕಡ್ಡಾಯವಲ್ಲದಿರಬಹುದು, ಆದರೆ ಚೆಂಡಿನ ವೇಗ ಇಂಗ್ಲೆಂಡಿಗೊಂದು, ಬೆಂಗಳೂರಿಗೊಂದು ಎಂದಿಲ್ಲ.

ಸ್ಲಿಪ್‌ಗೆ ವಿನಾಯಿತಿ ಏಕೆಂದು ನೀವು ಕೇಳಬಹುದು. ಬ್ಯಾಟಿನ ಪೂರ್ತಿ ಬಲದ ಹೊಡೆತ ಅಲ್ಲಿಗೆ ಹೋಗುವುದಿಲ್ಲ. ಅಂಚಿಗೆ ಸವರಿದ ಚೆಂಡು ಮಾತ್ರ ಹೋಗುತ್ತದೆ. ಮಕ್ಕಳ ಬೌಲಿಂಗ್ ನಿಧಾನವಾದ್ದರಿಂದ ಆ ಚೆಂಡು ಬೇಗನೆ ನೆಲಕ್ಕಿಳಿಯುತ್ತದೆ. ಆದ್ದರಿಂದ ಟೀವಿಯಲ್ಲಿ ಕಾಣುವುದಕ್ಕಿಂತ ಮುಂದೆ ಒಂದೇ ಸ್ಲಿಪ್ ಇಟ್ಟರೆ ಸಾಕು. ತಾಳ್ಮೆಯುಳ್ಳ ಹುಡುಗನಿಗೆ ಹೇಳಿ ಮಾಡಿಸಿದ ಜಾಗವದು. ಬೆಂಗಳೂರಿನಲ್ಲಿ ಬೆಳೆದ ರಾಹುಲ್ ದ್ರಾವಿಡ್ ಹೆಚ್ಚಾಗಿ ಸ್ಲಿಪ್‌ನಲ್ಲಿ ನಿಂತೇ ಟೆಸ್ಟ್‌ಗಳಲ್ಲಿ 210 ಕ್ಯಾಚ್ ಹಿಡಿದರು. 2025ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ಜೋ ರೂಟ್ ಆ ದಾಖಲೆ ಮುರಿದರು. ಆಗ ಔಟಾದವರು ಕರ್ನಾಟಕದ ಪರ ಆಡಿ ಬೆಳೆದ ಕರುಣ್ ನಾಯರ್!

ಯಾರು ಎಲ್ಲಿ?

ಕ್ರಿಕೆಟ್‌ನಲ್ಲಿ ಒಂದು ಹಳೆಯ ಸಂಪ್ರದಾಯವಿದೆ. ತಂಡದ ಅತಿ ಕಿರಿಯನನ್ನು ಶಾರ್ಟ್‌ಲೆಗ್‌ಗೆ ಕಳಿಸುವುದು, ಅತಿ ದುರ್ಬಲನನ್ನು ಬೌಂಡರಿಯ ಯಾವುದಾದರೂ ಮೂಲೆಗೆ ಅಟ್ಟುವುದು. ಮೊದಲನೆಯದು ಅಪಾಯ. ಎರಡನೆಯದು ಅನ್ಯಾಯ. ಬೌಂಡರಿಯಲ್ಲಿ ನಿಂತ ಮಗು ಹತ್ತು ಓವರಿಗೊಮ್ಮೆ ಚೆಂಡು ಮುಟ್ಟುತ್ತದೆ. ಆ ಒಂದು ಚೆಂಡು ಜಾರಿತೆಂದರೆ ಹತ್ತು ಬಾಯಿಂದ ಬೈಗುಳ. ಮುಂದಿನ ವಾರ ಅದು 'ಹೊಟ್ಟೆನೋವು' ಎಂದು ಮನೆಯಲ್ಲೇ ಉಳಿಯುತ್ತದೆ. ಚೆಂಡು ಮುಟ್ಟದೆ ಫೀಲ್ಡಿಂಗ್ ಕಲಿತವರಿಲ್ಲ, ನೀರಿಗಿಳಿಯದೆ ಈಜು ಕಲಿತವರಿಲ್ಲದ ಹಾಗೆ.

ಗೆಲ್ಲಲೇಬೇಕಾದ ಪಂದ್ಯದಲ್ಲಿ ಚುರುಕಾದವನನ್ನು ಚೆಂಡು ಹೆಚ್ಚು ಬರುವ ಮಿಡ್‌ವಿಕೆಟ್‌ನಲ್ಲೂ, ಬಲವಾದ ತೋಳಿನವನನ್ನು ಕವರ್‌ನಲ್ಲೂ ನಿಲ್ಲಿಸಿ. ಬ್ರಿಜೇಶ್ ಪಟೇಲ್ ಕವರ್‌ನಲ್ಲಿದ್ದರೆ ಎದುರಾಳಿಗಳು ಆ ಕಡೆ ಓಡಲು ಎರಡು ಬಾರಿ ಯೋಚಿಸುತ್ತಿದ್ದರು. ಮಿಡ್‌ಆನ್, ಮಿಡ್‌ಆಫ್‌ಗಳಲ್ಲಿ ಚೆಂಡು ನೇರವಾಗಿ ಎದುರಿನಿಂದ ಬರುವುದರಿಂದ ಅದರ ವೇಗ, ದಾರಿ ಎರಡೂ ಚೆನ್ನಾಗಿ ಕಾಣುತ್ತವೆ. ಹೊಸಬರಿಗೆ ಇವು ಒಳ್ಳೆಯ ಜಾಗ. ಬೌಲರನ ಪಕ್ಕದಲ್ಲೇ ಇರುವುದರಿಂದ ಒಂದು ಮಾತು ಹೇಳಿಸಿಕೊಳ್ಳಲೂ ಅನುಕೂಲ. ಆದರೆ ಅಭ್ಯಾಸ ಪಂದ್ಯಗಳಲ್ಲಿ ನಾಲ್ಕು ಓವರಿಗೊಮ್ಮೆ ಎಲ್ಲರನ್ನೂ ಒಂದು ಜಾಗ ಮುಂದಕ್ಕೆ ಸರಿಸಿ. 20 ಓವರು ಮುಗಿಯುವ ಹೊತ್ತಿಗೆ ಪ್ರತಿ ಮಗುವೂ ಐದು ಜಾಗ ಕಂಡಿರುತ್ತದೆ. ಯಾರ ಕೈ ಎಲ್ಲಿಗೆ ಸರಿ ಎಂದು ಶಿಕ್ಷಕರಿಗೂ ಆಗ ತಿಳಿಯುತ್ತದೆ.

ಹೆಣ್ಣುಮಕ್ಕಳಿಗೂ ಈ ಮಾತು ಅಷ್ಟೇ ಸಲ್ಲುತ್ತದೆ. ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಪಂದ್ಯ ಆಡಿದ್ದು 1976ರಲ್ಲಿ, ನಮ್ಮ ಬೆಂಗಳೂರಿನಲ್ಲೇ, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ಶಾಂತಾ ರಂಗಸ್ವಾಮಿ. ಹಾಗಿದ್ದೂ ಮಿಶ್ರ ತಂಡದ ಆಟದಲ್ಲಿ ಹುಡುಗಿಯರನ್ನು ನೋಡದೆಯೇ ದೂರಕ್ಕೆ ಕಳಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಎಸೆತದ ವೇಗ ಅಳೆದು ಜಾಗ ಕೊಡಿ. ಹೆಸರು ನೋಡಿ ಕೊಡಬೇಡಿ.

ನಮ್ಮ ಮೈದಾನಗಳದೇ ಆದ ಇನ್ನೊಂದು ಅಪಾಯವಿದೆ. ಭಾನುವಾರ ಬೆಳಿಗ್ಗೆ ಒಂದೇ ಮೈದಾನದಲ್ಲಿ ನಾಲ್ಕಾರು ಪಂದ್ಯಗಳು. ಒಂದು ಪಂದ್ಯದ ಕವರ್ ಇನ್ನೊಂದು ಪಂದ್ಯದ ಮಿಡ್‌ವಿಕೆಟ್‌ಗೆ ಬೆನ್ನು ಕೊಟ್ಟು ನಿಂತಿರುತ್ತಾನೆ. ತನ್ನ ಚೆಂಡನ್ನು ನೋಡುವವನಿಗೆ ಬೆನ್ನ ಹಿಂದಿನ ಚೆಂಡು ಕಾಣುವುದಿಲ್ಲ. ಅಂಥಲ್ಲಿ ಎರಡು ತಂಡದ ನಾಯಕರು ಮೊದಲೇ ಮಾತಾಡಿಕೊಂಡು ಪಿಚ್‌ಗಳನ್ನು ಒಂದೇ ದಿಕ್ಕಿಗೆ ಹಾಕಿಕೊಳ್ಳಲಿ. ಬೆನ್ನಿಗೆ ಬೆನ್ನು ಬರುವ ಕಡೆ ಟೆನ್ನಿಸ್ ಚೆಂಡಿನಲ್ಲೇ ಆಡಲಿ.

ಮಾಡಿ ನೋಡಿ

ಬೇಕಾದ ಸಾಮಾನು: ಸೆಕೆಂಡು ತೋರಿಸುವ ಗಡಿಯಾರ, 20 ಮೀಟರು ದಾರ, ಸೀಮೆಸುಣ್ಣ, ನೋಟ್‌ಬುಕ್. ದಾರಕ್ಕೆ ಐದೈದು ಮೀಟರಿಗೊಂದು ಗಂಟು ಹಾಕಿ. ಮೊದಲು ನಿಮ್ಮ ತಂಡದ ಪ್ರತಿಯೊಬ್ಬರೂ 17.7 ಮೀಟರು ಓಡಲು ತೆಗೆದುಕೊಳ್ಳುವ ಕಾಲ ಬರೆದುಕೊಳ್ಳಿ. ಆಮೇಲೆ 20 ಮೀಟರು ದೂರದಿಂದ ವಿಕೆಟ್‌ಗೆ ಎಸೆದ ಚೆಂಡು ತಲುಪುವ ಕಾಲ ಬರೆದುಕೊಳ್ಳಿ. ಒಬ್ಬೊಬ್ಬರದೂ ಮೂರು ಬಾರಿ ಅಳೆದು ಸರಾಸರಿ ತೆಗೆಯಿರಿ. ಈ ಎರಡು ಅಂಕಿಗಳಿಂದ ನಿಮ್ಮ ತಂಡದ ಒಳವೃತ್ತದ ತ್ರಿಜ್ಯವನ್ನು ನೀವೇ ಲೆಕ್ಕ ಹಾಕಬಲ್ಲಿರಿ. ವರ್ಷ ಕಳೆದು ಮತ್ತೆ ಅಳೆಯಿರಿ. ತೋಳು ಬೆಳೆದಂತೆ ವೃತ್ತವೂ ಬೆಳೆದಿರುತ್ತದೆ.

ತಂದೆತಾಯಿಯರಿಗೂ ಒಂದು ಕೆಲಸ. ಶಿಬಿರದ ಶುಲ್ಕದ ರಸೀದಿ ಪಡೆಯುವ ಮೊದಲು ಇಷ್ಟು ಕೇಳಿ: 'ಚರ್ಮದ ಚೆಂಡಿನಲ್ಲಿ ಆಡುವಾಗ ನಮ್ಮ ಮಗು ಬ್ಯಾಟಿನಿಂದ ಎಷ್ಟು ದೂರ ನಿಲ್ಲುತ್ತದೆ? ದಿನವೂ ಒಂದೇ ಮೂಲೆಯೋ, ಜಾಗ ಬದಲಾಗುತ್ತದೆಯೋ?' ತಿಳಿದ ತರಬೇತುದಾರರು ಈ ಪ್ರಶ್ನೆಗೆ ಸಂತೋಷದಿಂದ ಉತ್ತರಿಸುತ್ತಾರೆ. 'ಅದೆಲ್ಲ ನಿಮಗೇಕೆ' ಎಂದರೆ ರಸೀದಿ ಪಡೆಯುವ ಅವಸರ ಬೇಡ. ಬೇರೆ ಶಿಬಿರ ಹುಡುಕಿ.